ಚಿಮಣಿ ಐತಿ, ಒಲಿ ಇಲ್ಲ

ಹೋದ ವಾರ ವಿಜಯಪುರದ ಹೊರಗೆ ಒಂದು ಲೇಔಟ್ ನೋಡಲು ಹೋಗಿದ್ದೆ. ಬೋರ್ಡಿನ ಮೇಲೆ 'ವಿಕ್ಟೋರಿಯನ್ ಶೈಲಿಯ ವಿಲ್ಲಾಗಳು' ಅಂತಿತ್ತು. ಬೋರ್ಡಿನ ನೆರಳಲ್ಲಿ ಎಮ್ಮೆ ಮಲಗಿತ್ತು.

"ವಿಕ್ಟೋರಿಯನ್ ಅಂದ್ರ ಏನಪಾ ತಮ್ಮಾ?"

ಮನೆ ತೋರಿಸುವ ಹುಡುಗ ತಡವರಿಸಲಿಲ್ಲ. "ಮುಂಬೈದಾಗ ಕುದುರಿ ಗಾಡಿ ಇದ್ವಲ್ರಿ ಕಾಕಾ, ಆ ನಮೂನಿ ರಾಯಲ್."

ಪೂರ್ತಿ ತಪ್ಪಲ್ಲ ಬಿಡಿ. ಆ ಗಾಡಿಗೂ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯದೇ ಹೆಸರು.

ಸೂರು ಹಿಮ ಜಾರಿ ಬೀಳುವಷ್ಟು ಇಳಿಜಾರು. ಅದರ ಮೇಲೆ ಇಟ್ಟಿಗೆಯ ಚಿಮಣಿ. ನಮ್ಮ ಕಡೆ ಚಿಮಣಿ ಅಂದ್ರೆ ಸೀಮೆಎಣ್ಣೆ ದೀಪ, ಇದು ಹೊಗೆ ಹೋಗುವ ಚಿಮಣಿ. ಲಂಡನ್ನಿನವರು ಕಲ್ಲಿದ್ದಲು ಸುಟ್ಟು ಮೈ ಕಾಯಿಸಿಕೊಳ್ಳುತ್ತಿದ್ದರು, ಅವರಿಗೆ ಬೇಕಿತ್ತು. ನಮಗೆ ಮೇ ತಿಂಗಳ ಬಿಸಿಲೇ ಜಾಸ್ತಿ. ಹಾಲ್‌ನಲ್ಲಿ ನಿಂತು ತಲೆ ಎತ್ತಿದೆ. ಒಲೆ ಇಲ್ಲ, ಹೊಗೆಗೆ ದಾರಿಯೂ ಇಲ್ಲ. ಜಿಪ್ಸಮ್ ಸೀಲಿಂಗ್ ಹೊಡೆದಿದ್ದರು. ಚಿಮಣಿಯೊಳಗೆ ಪಾರಿವಾಳವೊಂದು ಆಗಲೇ ಗೃಹಪ್ರವೇಶ ಮುಗಿಸಿತ್ತು.

"ರೇಟ್ ಜಾಸ್ತಿ ಆತಂದ್ರ ಎಡ್ವರ್ಡಿಯನ್ ಐತ್ರಿ. ಸೈಟ್ ಸ್ವಲ್ಪ ಸಣ್ಣದು."

ವಿಕ್ಟೋರಿಯಾ 1837ರಿಂದ 1901ರವರೆಗೆ ಆಳಿದಳು. ಮಗ ಎಡ್ವರ್ಡ್‌ಗೆ ಸಿಕ್ಕಿದ್ದು ಬರೀ 9 ವರ್ಷ. ಸೈಟ್ ಸಣ್ಣದಾಗಿದ್ದು ಅದಕ್ಕೇ ಇರಬೇಕು.

"ಆದಿಲ್‌ಶಾಹಿ ಇಲ್ಲೇನು?"

"ಅದು ಹಳೇದಾತ್ರಿ ಕಾಕಾ."

ಹೌದು, ಹಳೇದೇ. ಇಂಗ್ಲೆಂಡಿನಲ್ಲಿ ಮೊದಲನೇ ಎಲಿಜಬೆತ್ ಪಟ್ಟಕ್ಕೆ ಬಂದ 1558ರಲ್ಲೇ ಇಲ್ಲಿ ವಿಜಯಪುರದ ಸುಲ್ತಾನನಾಗಿ ಮೊದಲನೇ ಅಲಿ ಆದಿಲ್‌ಶಾಹ್ ಬಂದ. ಆಕೆಯ ಹೆಸರಿಂದ 'ಎಲಿಜಬೆತನ್' ಆಯಿತು. ನಾಟಕಕ್ಕೂ ಅದೇ, ಕೊರಳಪಟ್ಟಿಗೂ ಅದೇ. ಇಲ್ಲಿಯವರು ನೀರಿನ ಕೆಲಸಕ್ಕೆ ಕೈ ಹಾಕಿದರು. 1651ರ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಊರೊಳಗೆ ನೀರು ಬರುತ್ತಿತ್ತು.

"ಇಲ್ಲಿ ನೀರಿಂದು ಹ್ಯಾಂಗ?"

"ಫೋನ್ ಹಚ್ಚಿದ್ರ ಟ್ಯಾಂಕರ್ ಬರ್ತೈತ್ರಿ."

ಹೊರಡುವಾಗ ಕ್ಲಬ್ ಹೌಸ್ ತೋರಿಸಿದ. ಕಮಾನುಗಳಷ್ಟೇ ನಿಂತಿದ್ದವು. ಮೇಲೆ ಸೂರಿಲ್ಲ. ತುಕ್ಕು ಹಿಡಿದ ಸರಳುಗಳು ಮುಗಿಲಿಗೆ ಮುಖ ಮಾಡಿದ್ದವು. ಹುಡುಗ ದನಿ ಇಳಿಸಿದ. "ರೊಕ್ಕ ನಿಂತೈತ್ರಿ. ಎರಡು ವರ್ಷ ಆತು."

ನನಗೆ ಮಾತ್ರ ಜೀವ ಬಂದಂತಾಯಿತು. ಎರಡನೇ ಅಲಿ ಆದಿಲ್‌ಶಾಹನ ಸಮಾಧಿ ಬಾರಾ ಕಮಾನ್ ಕೂಡ ಹೀಗೇ ಅರ್ಧಕ್ಕೆ ನಿಂತಿದೆ, ಮುನ್ನೂರೈವತ್ತು ವರ್ಷದಿಂದ.

"ತಮ್ಮಾ, ಇದು ಅಸಲಿ ಆದಿಲ್‌ಶಾಹಿ ನೋಡು. ಇದರ ರೇಟ್ ಹೇಳು."