ಅಕ್ಕಿ ಕೊಟ್ಟರೆ ಊಟ ಕೊಟ್ಟಂತಾಗುವುದಿಲ್ಲ

ಬಡ ಹಿರಿಯರಿಗೆ ಸರ್ಕಾರ ಏನೂ ಕೊಡುತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಕೊಡುತ್ತಿದೆ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿರುವ ನಾನು ತಿಂಗಳು ತಿಂಗಳೂ ನೋಡುತ್ತಿದ್ದೇನೆ. ನ್ಯಾಯಬೆಲೆ ಅಂಗಡಿಗೆ ಅಕ್ಕಿ ಬರುತ್ತದೆ, ಖಾತೆಗೆ ಪಿಂಚಣಿ ಬರುತ್ತದೆ. ಹಾಗಿದ್ದೂ ಒಂಟಿಯಾಗಿ ಬದುಕುತ್ತಿರುವ ನಮ್ಮೂರಿನ ಅಜ್ಜ ಅಜ್ಜಿಯರು ಹೊಟ್ಟೆ ತುಂಬ ಉಣ್ಣುತ್ತಿಲ್ಲ. ಕೊಡುವುದೂ ನಿಜ, ಉಣ್ಣದಿರುವುದೂ ನಿಜ. ಇದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಬರಹ ಉದ್ದವಾಗಿದೆ, ಸಮಾಧಾನದಿಂದ ಓದಿ.

ಮೊದಲು ಸಿಗುವುದೇನು ಎಂದು ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯ, ಅಂತ್ಯೋದಯ ಕಾರ್ಡ್ ಇದ್ದರೆ ಮನೆಗೆ 35 ಕೆ.ಜಿ. ಅದರ ಮೇಲೆ ರಾಜ್ಯದ ಅನ್ನಭಾಗ್ಯದಿಂದ ತಲೆಗೆ ಇನ್ನೈದು ಕೆ.ಜಿ. 2023ರ ಜುಲೈನಿಂದ ಹೆಚ್ಚುವರಿ ಐದು ಕೆ.ಜಿ.ಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬೀಳುತ್ತಿತ್ತು, 2025ರಲ್ಲಿ ಮತ್ತೆ ಅಕ್ಕಿಯೇ ಬರತೊಡಗಿತು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 80 ತುಂಬದವರಿಗೆ ಕೇವಲ 200 ರೂಪಾಯಿ. 2007ರಿಂದ ಆ ಮೊತ್ತ ಕದಲಿಲ್ಲ. ಮನೆಯ ಯಜಮಾನಿಯಾಗಿ ಕಾರ್ಡಿನಲ್ಲಿ ಹೆಸರಿರುವ ಅಜ್ಜಿಗೆ ಗೃಹಲಕ್ಷ್ಮಿಯ 2,000 ರೂಪಾಯಿಯ ಆಸರೆಯಿದೆ. ಹೆಂಡತಿ ತೀರಿಕೊಂಡ ಅಜ್ಜನಿಗೆ ಅದೂ ಇಲ್ಲ.

ಈಗ ಒಬ್ಬರೇ ಇರುವ ಕಾರ್ಡಿನ ಹತ್ತು ಕೆ.ಜಿ. ಅಕ್ಕಿಯನ್ನು ತಟ್ಟೆಗೆ ತಂದು ನೋಡಿ. ದಿನಕ್ಕೆ ಸುಮಾರು 330 ಗ್ರಾಂ. ಅದರಿಂದ ಸಾವಿರದ ನೂರೈವತ್ತು ಕ್ಯಾಲೊರಿ ಸಿಗಬಹುದು, ಪ್ರೋಟೀನ್ ಇಪ್ಪತ್ತೈದು ಗ್ರಾಂ ಆಸುಪಾಸು. ವಯಸ್ಸಾದವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು ಒಂದು ಗ್ರಾಂ ಪ್ರೋಟೀನ್ ಬೇಕೆಂದು ಪೌಷ್ಟಿಕ ತಜ್ಞರು ಹೇಳುತ್ತಾರೆ. ಐವತ್ತು ಕೆ.ಜಿ. ತೂಗುವ ಅಜ್ಜಿ ಆ ಅಕ್ಕಿಯನ್ನು ಒಂದು ಕಾಳೂ ಬಿಡದೆ ಉಂಡರೂ ಬೇಕಾದದ್ದರಲ್ಲಿ ಅರ್ಧ ಮಾತ್ರ ದಕ್ಕುತ್ತದೆ. ಉಳಿದರ್ಧ ಬೇಳೆ, ಕಾಳು, ಹಾಲು, ಮೊಟ್ಟೆಯಿಂದ ಬರಬೇಕು. ಪಿಂಚಣಿಯೊಂದನ್ನೇ ನಂಬಿದವರಿಗೆ ದಿನದ ಆ ನಲವತ್ತು ರೂಪಾಯಿಯಲ್ಲಿ ಮಾತ್ರೆ, ಗ್ಯಾಸ್, ಸೋಪು, ಎಲೆ ಅಡಿಕೆ, ಯಾರದೋ ಮದುವೆಯ ಮುಯ್ಯಿ ಎಲ್ಲ ಕಳೆದು ಮೊಟ್ಟೆಗೆಷ್ಟು ಉಳಿದೀತು? ಮಾಂಸಖಂಡ ಕರಗುತ್ತದೆ, ಕಾಲಿನ ಬಲ ಹೋಗುತ್ತದೆ, ಬಚ್ಚಲಲ್ಲಿ ಬಿದ್ದು ಸೊಂಟ ಮುರಿಯುತ್ತದೆ. ಆಮೇಲೆ ನಾವು ‘ವಯಸ್ಸಾಗಿತ್ತು, ಬಿದ್ದರು’ ಎಂದು ಮಾತು ಮುಗಿಸುತ್ತೇವೆ. ಕೇಂದ್ರ ಸರ್ಕಾರ 2017-18ರಲ್ಲಿ ನಡೆಸಿದ ವೃದ್ಧಾಪ್ಯದ ದೊಡ್ಡ ಸಮೀಕ್ಷೆಯಲ್ಲಿ 60 ದಾಟಿದವರ ಪೈಕಿ ಶೇ 27ರಷ್ಟು ಜನ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು.

ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಬೇಳೆ ಬಹಳ ಹಿಂದೆಯೇ ಬರಬೇಕಿತ್ತು. ನಮ್ಮ ಚಳ್ಳಕೆರೆಯ ಸೀಮೆಯಲ್ಲಿ ಬೆಳೆಯುವ ಶೇಂಗಾವನ್ನೂ ಅದಕ್ಕೆ ಸೇರಿಸಿದರೆ ರೈತರಿಗೂ ಒಳ್ಳೆಯದು, ಪ್ರೋಟೀನಿಗೂ ಒಳ್ಳೆಯದು. ಆದರೆ ಕಿಟ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಯಾರಾದರೂ ಬೇಯಿಸಬೇಕಲ್ಲ.

ಯೋಜನೆ ರೂಪಿಸುವವರ ಕಣ್ಣಿಗೆ ಬೀಳದಿರುವುದು ಇದೇ. ನಮ್ಮ ಕಡೆಯ ಊಟವೆಂದರೆ ಮುದ್ದೆ, ಇಲ್ಲವೇ ಜೋಳದ ರೊಟ್ಟಿ. ಹಲ್ಲಿಲ್ಲದವರಿಗೆ ಮುದ್ದೆಯಷ್ಟು ಹಿತವಾದದ್ದು ಇನ್ನೊಂದಿಲ್ಲ. ಅಗಿಯಬೇಕಿಲ್ಲ, ಸಾರಿನಲ್ಲಿ ಅದ್ದಿ ನುಂಗಿದರಾಯಿತು. ರಾಗಿಯಲ್ಲಿರುವ ಸುಣ್ಣದಂಶ ಮೂಳೆಗೂ ಬೇಕಾದದ್ದು. ಆದರೆ ಕುದಿಯುವ ಹಿಟ್ಟನ್ನು ಗಂಟಾಗದಂತೆ ಕೋಲಿನಲ್ಲಿ ತೊಳಸಲು ರಟ್ಟೆಯಲ್ಲಿ ಕಸುವು ಬೇಕು. ಎಪ್ಪತ್ತೈದರ ಕೈಗೆ ಅದು ಆಗುವುದಿಲ್ಲ. ರೊಟ್ಟಿ ಬಡಿಯುವುದಂತೂ ದೂರವೇ ಉಳಿಯಿತು. ಕಾಳು ಬೇಯಿಸೋಣವೆಂದರೆ ಸಿಲಿಂಡರ್ ಬೇಗ ಖಾಲಿಯಾಗುತ್ತದೆಂಬ ಭಯ. ಹಾಗಾಗಿ ಬೆಳಿಗ್ಗೆ ಒಂದು ಪಾವು ಅಕ್ಕಿ ಇಡುತ್ತಾರೆ. ಮಧ್ಯಾಹ್ನ ಅದಕ್ಕೆ ನೀರು ಮಜ್ಜಿಗೆ, ರಾತ್ರಿ ಅದಕ್ಕೇ ಉಪ್ಪಿನಕಾಯಿ ಅಥವಾ ಖಾರದ ಪುಡಿ. ಒಬ್ಬರಿಗೋಸ್ಕರ ಏನು ಮಾಡಿಕೊಳ್ಳುವುದು ಎನ್ನುವ ಬೇಸರವೂ ಇದೆ, ಅದನ್ನು ಹಗುರವಾಗಿ ನೋಡಬಾರದು. ಗಂಡನಿಗೆ, ಮಕ್ಕಳಿಗೆ ಐವತ್ತು ವರ್ಷ ಬಡಿಸಿದ ಹೆಂಗಸು ತನಗೊಬ್ಬಳಿಗೇ ಒಲೆ ಹಚ್ಚಲು ಮನಸ್ಸು ಮಾಡುವುದಿಲ್ಲ. ಹೆಂಡತಿ ತೀರಿಕೊಂಡ ಗಂಡಸರ ಪಾಡು ಇನ್ನೂ ಕಷ್ಟ. ಅನೇಕರಿಗೆ ಒಲೆಯ ಮುಂದೆ ಕೂತು ರೂಢಿಯೇ ಇಲ್ಲ. ಚಹಾ ಬನ್ನಿನಲ್ಲಿ ದಿನ ದೂಡುತ್ತಾರೆ.

ಅಕ್ಕಿ ತರುವುದೇ ಒಂದು ಸಾಹಸ. ಜೀವಮಾನವೆಲ್ಲ ಕಳೆ ಕಿತ್ತು, ಕಲ್ಲು ಹೊತ್ತು ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತಿಸುವುದಿಲ್ಲ. ಮತ್ತೊಂದು ಬೆರಳು, ಮಗದೊಂದು ಬೆರಳು, ಕೊನೆಗೆ ‘ಸರ್ವರ್ ಇಲ್ಲ, ನಾಳೆ ಬಾ’. ಆಧಾರ್ ತಾಳೆಯಾಗದ ಕಾರಣಕ್ಕೆ ಯಾರಿಗೂ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರವೇ 2017ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಆ ಸೂಚನೆ ಅಂಗಡಿಯ ಕಟ್ಟೆಯವರೆಗೆ ಇಳಿದುಬಂದಿಲ್ಲ. ಹಿರಿಯರಷ್ಟೇ ಇರುವ ಮನೆಗಳಿಗೆ ಪಡಿತರ ತಲುಪಿಸುವ ‘ಅನ್ನ ಸುವಿಧಾ’ ಯೋಜನೆ ನಮ್ಮ ರಾಜ್ಯದಲ್ಲಿದೆ. ಮೊದಲು 80 ದಾಟಿದವರಿಗೆ ಇತ್ತು, 2025-26ರ ಬಜೆಟ್‌ನಲ್ಲಿ ವಯಸ್ಸನ್ನು 75ಕ್ಕೆ ಇಳಿಸಿದರು. ಒಳ್ಳೆಯ ಯೋಜನೆ. ನಾನು ವಿಚಾರಿಸಿದ ಹಿರಿಯರಲ್ಲಿ ಯಾರೂ ಅದರ ಹೆಸರನ್ನೇ ಕೇಳಿರಲಿಲ್ಲ.

ದಾವಣಗೆರೆ ನಗರದ ಕಥೆ ಸ್ವಲ್ಪ ಬೇರೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಊರು ಅದು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಪಾಳಿಯಲ್ಲಿ ದುಡಿದವರು ಮುದುಕರಾದರು. ಭವಿಷ್ಯ ನಿಧಿಯ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ ಸಾವಿರ ರೂಪಾಯಿ ಎಂದು ನಿಗದಿಯಾಯಿತು, ಇಂದಿಗೂ ಹಲವರ ಕೈಗೆ ಬರುವುದು ಅದರ ಆಸುಪಾಸಿನ ಹಣವೇ. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿರುವ ಇಂಥವರು ರಾತ್ರಿ ಮಂಡಕ್ಕಿ ನೆನೆಸಿಕೊಂಡು ತಿಂದು ಮಲಗುವುದನ್ನು ನಾನು ಬಲ್ಲೆ. ಮಂಡಕ್ಕಿ ನಮ್ಮ ಹೆಮ್ಮೆಯ ತಿಂಡಿ, ಸಂಜೆಗೆ ಮಿರ್ಚಿಯ ಜೊತೆ ಚೆನ್ನ. ಅದೇ ರಾತ್ರಿಯ ಊಟವಾಗಬಾರದು. ಇಂದಿರಾ ಕ್ಯಾಂಟೀನ್ ಹತ್ತಿರವಿರುವವರಿಗೆ ಹತ್ತು ರೂಪಾಯಿಗೆ ಬಿಸಿ ಅನ್ನ ಸಾಂಬಾರ್ ಸಿಗುತ್ತದೆ, ಅದು ದೊಡ್ಡ ಉಪಕಾರ. ಆದರೆ ಕ್ಯಾಂಟೀನ್ ಇರುವ ಕಡೆಗೆ ಆಟೊದಲ್ಲಿ ಹೋಗಿ ಬರಲು ಊಟದ ಬೆಲೆಯ ಹಲವು ಪಟ್ಟು ಖರ್ಚು.

ನಾನು ಕೇಳುವುದು ಒಂದನ್ನೇ. ಒಂಟಿ ಹಿರಿಯರಿಗೆ, ಇಬ್ಬರೂ ಅಶಕ್ತರಾಗಿರುವ ದಂಪತಿಗೆ, ದಿನಕ್ಕೊಂದು ಬಿಸಿಯೂಟ ಕೊಡಿ. ಅಕ್ಕಿ, ಪಿಂಚಣಿ ಯಾವುದನ್ನೂ ಕಡಿತ ಮಾಡದೆ ಕೊಡಿ.

ಇದಕ್ಕಾಗಿ ಹೊಸ ಕಟ್ಟಡ ಬೇಕಿಲ್ಲ. ನಮ್ಮ ಶಾಲೆಯಲ್ಲಿ ಅಡುಗೆ ಕೋಣೆಯಿದೆ, ಸಿಲಿಂಡರ್ ಇದೆ, ದೊಡ್ಡ ಪಾತ್ರೆಗಳಿವೆ, ನೂರಾರು ಮಕ್ಕಳಿಗೆ ಹದವಾಗಿ ಬೇಯಿಸುವ ಕೈಗಳಿವೆ. ಆರರಿಂದ ಎಂಟನೆಯ ತರಗತಿಯ ಮಗುವಿನ ತಟ್ಟೆಗೆ ಸರ್ಕಾರ ಗೊತ್ತುಮಾಡಿರುವುದು 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಒಟ್ಟು 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಮೇಲಿನ ಅಜ್ಜಿಯ ಲೆಕ್ಕಕ್ಕೆ ಇದನ್ನು ಕೂಡಿಸಿ ನೋಡಿ, ಕೊರತೆಯ ಬಹುಪಾಲು ತುಂಬುತ್ತದೆ. ಧಾನ್ಯ ಬಿಟ್ಟು ಆ ತಟ್ಟೆಯ ಸಾಮಗ್ರಿಗೆ 2025ರ ಮೇ ತಿಂಗಳಿಂದ ನಿಗದಿಯಾಗಿರುವ ದರ 10 ರೂಪಾಯಿ 17 ಪೈಸೆ. ತಿಂಗಳಿಗೆ 305 ರೂಪಾಯಿ. ಮೊಟ್ಟೆ, ಅಡುಗೆಯವರ ಸಂಭಾವನೆ ಸೇರಿಸಿ ಎರಡರಷ್ಟು ಎಂದುಕೊಳ್ಳಿ. ಸೊಂಟ ಮುರಿದ ಒಬ್ಬರ ಶಸ್ತ್ರಚಿಕಿತ್ಸೆಗೆ ಆಗುವ ವೆಚ್ಚದಲ್ಲಿ ಎಷ್ಟು ವರ್ಷಗಳ ಊಟವಾಗುತ್ತದೆಂದು ಲೆಕ್ಕ ಹಾಕಿ.

ಇದು ಯಾರೂ ಮಾಡಿರದ ಕೆಲಸವೂ ಅಲ್ಲ. ಪಕ್ಕದ ತಮಿಳುನಾಡು 1982ರಲ್ಲಿ ಎಂ.ಜಿ.ಆರ್. ಕಾಲದಲ್ಲಿ ಮಕ್ಕಳ ಮಧ್ಯಾಹ್ನದೂಟವನ್ನು ವಿಸ್ತರಿಸಿ, ಮರುವರ್ಷವೇ ವೃದ್ಧಾಪ್ಯ ಪಿಂಚಣಿದಾರರನ್ನೂ ಅದೇ ಊಟಕ್ಕೆ ಸೇರಿಸಿತು. ಒಡಿಶಾದ ಕಾಲಾಹಂಡಿ, ಬಲಾಂಗೀರ್, ಕೊರಾಪುಟ್ ಸೀಮೆಯಲ್ಲಿ ದಿಕ್ಕಿಲ್ಲದ ವೃದ್ಧರಿಗೆ ಬೇಯಿಸಿದ ಊಟ ಕೊಡುವ ಕಾರ್ಯಕ್ರಮ ನಡೆಯಿತು. ಅಮೆರಿಕದಂಥ ಸಿರಿವಂತ ದೇಶವೂ 1972ರಲ್ಲಿ 60 ದಾಟಿದವರಿಗೆ ಊಟದ ಯೋಜನೆ ಮಾಡಿತು: ಬರಬಲ್ಲವರಿಗೆ ಊರಿನ ಸಭಾಂಗಣದಲ್ಲಿ, ಬರಲಾಗದವರಿಗೆ ಮನೆ ಬಾಗಿಲಲ್ಲಿ. ಪ್ರತಿ ಊಟದಲ್ಲಿ ದಿನದ ಪೋಷಕಾಂಶಗಳ ಮೂರನೇ ಒಂದು ಭಾಗವಾದರೂ ಇರಬೇಕೆಂಬ ನಿಯಮವಿದೆ, ಆದಾಯದ ಪ್ರಮಾಣಪತ್ರ ಕೇಳುವುದಿಲ್ಲ. ನಮ್ಮಲ್ಲಿ 2000ನೇ ಇಸವಿಯಲ್ಲಿ ಪಿಂಚಣಿ ಸಿಗದ ವೃದ್ಧರಿಗೆಂದು ‘ಅನ್ನಪೂರ್ಣ’ ಎಂಬ ಯೋಜನೆ ತಂದಾಗಲೂ ಕೊಟ್ಟದ್ದು ಹತ್ತು ಕೆ.ಜಿ. ಧಾನ್ಯವನ್ನೇ. ಮೂಟೆ ಲೆಕ್ಕ ಹಾಕುವುದು ಸುಲಭ, ಅದಕ್ಕೇ ಇರಬೇಕು.

ನಮ್ಮ ಶಾಲೆಗೆ ಮೊಮ್ಮಗನನ್ನು ಕರೆದೊಯ್ಯಲು ಬರುವ ಒಬ್ಬ ಅಜ್ಜಿಯನ್ನು ಊಟದ ಹೊತ್ತಿನಲ್ಲಿ “ಕೂರಜ್ಜಿ, ಒಂದು ತುತ್ತು ಉಣ್ಣು” ಎಂದು ಕರೆದೆ. “ಮಕ್ಕಳ ತಟ್ಟೆಗೆ ಕೈ ಹಾಕುವುದೇ ಮೇಷ್ಟ್ರೇ? ಬೇಡಪ್ಪಾ” ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡರು. ಅವರ ಮಾತು ಸರಿಯೇ. ಹಾಜರಾತಿಯಲ್ಲಿ ಹೆಸರಿಲ್ಲದವರ ಊಟಕ್ಕೆ ನನ್ನ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ, ಮಕ್ಕಳ ಪಾಲಿನಿಂದ ಒಂದು ಸೌಟೂ ತೆಗೆಯಬಾರದು. ಅದಕ್ಕೇ ಹಿರಿಯರ ಹೆಸರಿನಲ್ಲೇ ಅಕ್ಕಿ, ಬೇಳೆ, ಹಣ ಬರಬೇಕು ಎನ್ನುತ್ತಿದ್ದೇನೆ. ತಮ್ಮ ಪಾಲು ಎಂದು ಗೊತ್ತಾದರೆ ಅಜ್ಜಿ ನೆಮ್ಮದಿಯಾಗಿ ಕೂತು ಉಣ್ಣುತ್ತಾರೆ.

ಅಡುಗೆಯವರ ಮಾತನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಿಸಿಯೂಟ ಬೇಯಿಸುವ ಹೆಂಗಸರನ್ನು ಇಂದಿಗೂ ‘ಗೌರವಧನ’ದಲ್ಲಿ ದುಡಿಸುತ್ತಿದ್ದೇವೆ. ಅವರ ಮೇಲೆ ಇನ್ನೊಂದು ಹೊರೆಯನ್ನು ಪುಗಸಟ್ಟೆಯಾಗಿ ಹೊರಿಸುವ ಯೋಜನೆಯಾದರೆ ಮೊದಲು ವಿರೋಧಿಸುವವನು ನಾನೇ. ಹೆಚ್ಚಿನ ಊಟಕ್ಕೆ ಹೆಚ್ಚಿನ ಸಂಭಾವನೆ ಕೊಡಬೇಕು, ಜೊತೆಗೊಬ್ಬರನ್ನು ನೇಮಿಸಬೇಕು. ರಜೆಯ ದಿನಗಳಲ್ಲಿ ಏನು ಎಂದು ಕೇಳುತ್ತೀರಿ. 2024ರ ಬರದಲ್ಲಿ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಬಿಸಿಯೂಟ ನಡೆಸಿದೆವು, ಮನಸ್ಸಿದ್ದರೆ ಆಗುತ್ತದೆ. ನಡೆಯಲಾಗದವರಿಗೆ ಡಬ್ಬಿ ಮುಟ್ಟಿಸಲು ಊರಿನ ಸ್ವಸಹಾಯ ಸಂಘದ ಹೆಂಗಸರಿಗೆ ಹಣ ಕೊಟ್ಟು ವಹಿಸಬೇಕು. 2017ರಲ್ಲಿ ಮಾತೃಪೂರ್ಣ ಶುರುವಾದಾಗ ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಉಣ್ಣಬೇಕೆಂದು ಪಟ್ಟುಹಿಡಿದು, ದೂರದ ಮನೆಯವರು ಬರಲಾಗದೆ ಉಳಿದದ್ದನ್ನು ಕಂಡಿದ್ದೇವೆ. ಅದೇ ಪಟ್ಟು ಇಲ್ಲಿ ಬೇಡ. ಮುಖ್ಯವಾಗಿ, ತಟ್ಟೆಯ ಮುಂದೆ ಹೆಬ್ಬೆಟ್ಟು ಕೇಳುವ ಯಂತ್ರ ಬೇಡ.

“ಮಕ್ಕಳು ನೋಡಿಕೊಳ್ಳಬೇಕು, ಸರ್ಕಾರ ಯಾಕೆ?” ಎನ್ನುವವರು ಬಹಳ. ನೋಡಿಕೊಳ್ಳಬೇಕು, ನಿಜ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಮಾಡಿದ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಜೀವನಾಂಶ ಕೇಳಲೂಬಹುದು. ಆದರೆ ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೋದ ಮಗನ ಮೇಲೆ ಯಾವ ತಾಯಿ ಅರ್ಜಿ ಹಾಕುತ್ತಾಳೆ? ಅವನದೇ ಹೊಟ್ಟೆ ತುಂಬಿರುವುದಿಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ದುಡಿಯದವರಿಗೆ ಬಿಟ್ಟಿ ಕೂಳು ಯಾಕೆ ಎನ್ನಲು ಈ ಮಾತನ್ನು ಬಳಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ಅಜ್ಜ ಅಜ್ಜಿಯರು ಮಾಡಿಲ್ಲವೇ? ಬರಗಾಲದ ಕಾಮಗಾರಿಯಲ್ಲಿ ಕೆರೆಯ ಹೂಳು ಹೊತ್ತವರು, ಶೇಂಗಾ ಕಿತ್ತವರು, ಗಿರಣಿಯ ಧೂಳು ಕುಡಿದವರು ಇವರೇ ಅಲ್ಲವೇ? ಅವರ ಲೆಕ್ಕದಲ್ಲಿ ನೀಡಬೇಕಾದ್ದು ಇನ್ನೂ ಬಹಳ ಬಾಕಿಯಿದೆ.

ಸದ್ಯಕ್ಕೆ ಆಗುವ ಕೆಲಸ ಹೇಳುತ್ತೇನೆ. ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ 75 ದಾಟಿ ಒಂಟಿಯಾಗಿರುವವರಿದ್ದರೆ ಅನ್ನ ಸುವಿಧಾಕ್ಕೆ ಹೆಸರು ಸೇರಿಸುವಂತೆ ನ್ಯಾಯಬೆಲೆ ಅಂಗಡಿಯಲ್ಲಿ ಅಥವಾ ತಾಲ್ಲೂಕಿನ ಆಹಾರ ಶಾಖೆಯಲ್ಲಿ ಕೇಳಿ. ಪಡಿತರದ ದೂರಿಗೆ 1967, ಹಿರಿಯ ನಾಗರಿಕರ ಸಹಾಯವಾಣಿಗೆ 14567. ಅವರ ಕೈಗೆ ಸಂಖ್ಯೆ ಕೊಟ್ಟು ಬಂದರೆ ಸಾಲದು, ಪಕ್ಕದಲ್ಲಿ ಕೂತು ನೀವೇ ಕರೆ ಮಾಡಿ. ಮುಂದಿನ ಗ್ರಾಮಸಭೆಗೆ ನಾನು ನಮ್ಮೂರಿನ ಒಂಟಿ ಹಿರಿಯರ ಪಟ್ಟಿ ತೆಗೆದುಕೊಂಡು ಹೋಗುತ್ತೇನೆ: ಯಾರಿಗೆ ನಡೆಯಲಾಗುತ್ತದೆ, ಯಾರಿಗೆ ಡಬ್ಬಿ ಬೇಕು, ಯಾರಿಗೆ ಸಕ್ಕರೆ ಕಾಯಿಲೆಯಿದೆ, ಎಲ್ಲ ಬರೆದು. ಶಾಲೆಯ ಊಟದ ಜೊತೆ ಇವರ ಊಟವೂ ಬೇಯಲಿ ಎಂಬ ಠರಾವು ಮಾಡಿ ಜಿಲ್ಲಾ ಪಂಚಾಯಿತಿಗೆ ಕಳಿಸಿ ಎಂದು ಕೇಳುತ್ತೇನೆ. ಅಕ್ಕಪಕ್ಕದ ಊರುಗಳ ಮೇಷ್ಟ್ರುಗಳು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ತಮ್ಮ ಊರಿನ ಪಟ್ಟಿಯನ್ನೂ ಸಿದ್ಧಮಾಡಿದರೆ ಒಟ್ಟಿಗೇ ಕೊಡಬಹುದು. ಠರಾವಿನ ಕರಡು ನನ್ನ ಬಳಿ ಇದೆ, ಕೇಳಿದವರಿಗೆ ಕಳಿಸುತ್ತೇನೆ.