ಕಾಗೆಗೆ ಎಷ್ಟು ಅಂಕ?

ಚಿತ್ರಕಲಾ ಶಿಕ್ಷಕರಿಗೆ ಮತ್ತೊಂದು ತರಬೇತಿಯಂತೆ. ಚಿತ್ರ ಬರೆಯೋದಕ್ಕಲ್ಲ, ಮಕ್ಕಳು ಬರೆದದ್ದನ್ನು ಅಳೆಯೋದಕ್ಕೆ. ಬಹಳ ಸಂತೋಷ. ಇಷ್ಟು ದಿನ ನಮ್ಮ ಡ್ರಾಯಿಂಗ್ ಮೇಷ್ಟ್ರು ಮಗು ಬರೆದ ಕಾಗೆ ನೋಡಿ, 'ಚೆನ್ನಾಗಿದೆ ಕಣೋ, ಕಾಲು ಸ್ವಲ್ಪ ಸಣ್ಣ ಮಾಡು' ಅಂದು ಮುಂದಿನ ಬೆಂಚಿಗೆ ಹೋಗಿಬಿಡುತ್ತಿದ್ದರು. ಎಂಥ ಬೇಜವಾಬ್ದಾರಿ! ದಾಖಲೆ ಎಲ್ಲಿ? ಯಾವುದಕ್ಕೆ ಎಷ್ಟು ಅಂಕ ಅಂತ ಹೇಳೋ ಮಾನದಂಡಗಳ ಪಟ್ಟಿ, ಅಂದರೆ ರೂಬ್ರಿಕ್, ಎಲ್ಲಿ? ಆ ಕಾಗೆಯಿಂದ ಹೊಮ್ಮಿದ ಕಲಿಕಾ ಫಲ ಯಾವುದು?

ತರಬೇತಿ ಹೇಗಿರುತ್ತೆ ಅಂತ ಶಿಕ್ಷಕರಿಗೆ ಹೇಳಬೇಕಿಲ್ಲ. ಹತ್ತಕ್ಕೆ ಅಂದರೆ ಹನ್ನೊಂದಕ್ಕೆ. ನಾಡಗೀತೆ, ಉದ್ಘಾಟನೆ, ಮಳೆ ಚಪ್ಪಾಳೆ. ಆಮೇಲೆ ಪಿಪಿಟಿ. ತರಬೇತಿ ಕೊಡುವ 'ಸಂಪನ್ಮೂಲ ವ್ಯಕ್ತಿ' ವಿಜ್ಞಾನದ ಮೇಷ್ಟ್ರಾದರೂ ಆದೀತು, ಹಿಂದಿನ ವಾರ ಅವರಿಗೆ ಯಾರೋ ಇದನ್ನೇ ಓದಿ ಹೇಳಿರುತ್ತಾರೆ. ಗುಂಪು ಚಟುವಟಿಕೆಗೆ ಚಾರ್ಟು, ಸ್ಕೆಚ್ ಪೆನ್ನು ಹಂಚುತ್ತಾರೆ. ಇಡೀ ದಿನದಲ್ಲಿ ಬಣ್ಣ ಹೊರಗೆ ಬರೋದು ಆಗ ಮಾತ್ರ, 'ಮೌಲ್ಯಮಾಪನದ ಉದ್ದೇಶಗಳು' ಅಂತ ದುಂಡಗೆ ಬರೆಯೋದಕ್ಕೆ.

ಅದರಲ್ಲಿ ಇವರದು ಎತ್ತಿದ ಕೈ ಬಿಡಿ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಇರೋದೇ ಅಕ್ಷರ ಬರೆಯೋಕೆ ಅಲ್ವಾ? ಅತಿಥಿ ಬಂದರೆ ಬೋರ್ಡಿನ ಮೇಲೆ 'ಸುಸ್ವಾಗತ', ಆಗಸ್ಟ್ 15ಕ್ಕೆ ಭಾರತದ ಭೂಪಟ, ವಾರ್ಷಿಕೋತ್ಸವಕ್ಕೆ ಸ್ಟೇಜಿನ ಹಿಂದಿನ ಪರದೆ, ಚುನಾವಣೆ ಬಂದರೆ ಮತದಾನ ಜಾಗೃತಿಯ ರಂಗೋಲಿ. ಈ ಕೆಲಸಗಳಿಗೆ ಮಾತ್ರ ಯಾರೂ ರೂಬ್ರಿಕ್ ಕೇಳಿದ್ದಿಲ್ಲ.

ಸುಮ್ನೆ ಒಂದು ಕಲ್ಪನೆ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು, 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ನಾಲ್ಕು ಗೆರೆಯಲ್ಲಿ ನರ್ತಕಿಯನ್ನು ಕುಣಿಸಿದವರು. ಆ ಹಾಳೆ ಈಗ ನಮ್ಮ ಮೌಲ್ಯಮಾಪಕರ ಕೈಗೆ ಸಿಕ್ಕಿದೆ ಅಂದುಕೊಳ್ಳಿ. ಹಾಳೆಯ ಬಳಕೆ: ಮುಕ್ಕಾಲು ಪಾಲು ಖಾಲಿ. ಬಣ್ಣ: ಇಲ್ಲ. ಪೂರ್ಣತೆ: ಗೆರೆ ಮಧ್ಯದಲ್ಲೇ ನಿಂತಿದೆ. ಷರಾ: ಪರಿಹಾರ ಬೋಧನೆ ಅಗತ್ಯ, ಪೋಷಕರನ್ನು ಕರೆಸಿ.

ಪೂರ್ತಿ ಅಂಕ ಯಾರಿಗೆ ಗೊತ್ತಾ? ಎರಡು ಬೆಟ್ಟ, ನಡುವೆ ಸೂರ್ಯ, ಒಂದು ನದಿ, ತೆಂಗಿನಮರ, ಹೆಂಚಿನ ಮನೆ. ಬಯಲುಸೀಮೆಯ ಮಗುವೂ ಅದನ್ನೇ ಬರೆಯುತ್ತೆ, ಅದರ ಊರಲ್ಲಿ ಬೆಟ್ಟವೂ ಇಲ್ಲ, ನದಿಯೂ ಇಲ್ಲ. ಮಕ್ಕಳು ದಡ್ಡರಲ್ಲ. ಯಾವುದಕ್ಕೆ ಅಂಕ ಬೀಳುತ್ತೆ ಅಂತ ಅವಕ್ಕೆ ಯಾವ ತರಬೇತಿಯೂ ಇಲ್ಲದೆ ಗೊತ್ತು.

ಲೆಕ್ಕವನ್ನೂ ನೋಡಿ. ಒಂದು ಶಾಲೆಯಲ್ಲಿ 300 ಮಕ್ಕಳು ಅಂತಿಟ್ಟುಕೊಳ್ಳಿ. ರೂಬ್ರಿಕ್‌ನಲ್ಲಿ 5 ಮಾನದಂಡ. ವರ್ಷಕ್ಕೆ ನಾಲ್ಕು ಎಫ್‌ಎ (ನಡುನಡುವಿನ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧವರ್ಷದ ಕೊನೆಯದು). ಒಟ್ಟು 9,000 ಖಾನೆ, ಒಬ್ಬರೇ ಮೇಷ್ಟ್ರು. ಚಿತ್ರ ಕಲಿಸೋದು ಯಾವಾಗ ಅಂತ ಕೇಳಬೇಡಿ, ಅದಕ್ಕೆ ಖಾನೆ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿ ಇರಲಿ ಅಂದಿತು. ನಮ್ಮ ರಾಜ್ಯ ಆ ನೀತಿಗೆ ಕೈಮುಗಿದು ಕಳಿಸಿತು. ತರಬೇತಿಗೆ ಮಾತ್ರ ಯಾವ ಸರ್ಕಾರವೂ ಕೈಮುಗಿಯೋದಿಲ್ಲ. ಅತ್ತ ಮಗುವಿಗೆ ವಾರಕ್ಕೊಂದು 40 ನಿಮಿಷದ ಪೀರಿಯಡ್. ಹಬ್ಬ, ಪರೀಕ್ಷೆ, ಮೇಷ್ಟ್ರ ಒಒಡಿ (ಶಾಲೆಯ ಹೊರಗಿನ ಸರ್ಕಾರಿ ಕೆಲಸ) ಕಳೆದು ಮೂವತ್ತು ವಾರ ಸಿಕ್ಕರೆ ವರ್ಷಕ್ಕೆ 20 ಗಂಟೆ. ಅದನ್ನೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಹೆಸರಲ್ಲಿ ಗಣಿತದವರು ಎತ್ತಿಕೊಂಡು ಹೋಗುತ್ತಾರೆ.

ತಮಾಷೆ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬರೆದಿದೆ: ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲೆ ಕಲಿಸೋಕೆ ಅರೆಕಾಲಿಕ ಬೋಧಕರು ಇರಬೇಕು. ಅರೆಕಾಲಿಕ! ಕೇಳಿದ್ದೇ ಅಷ್ಟು. ಅಷ್ಟನ್ನೂ ಕೊಡದೆ ಎಷ್ಟೋ ಶಾಲೆಗಳನ್ನು ಹಾಗೇ ಬಿಟ್ಟಿದ್ದೇವೆ. ಒಂದು ಡಬ್ಬಿ ಕ್ರೇಯಾನ್ ಕೊಡೋಕೆ ದುಡ್ಡಿಲ್ಲದ ಕಡೆ ಕಲಿಕೆ ಅಳೆಯೋಕೆ ಹೊರಟಿದ್ದೇವಲ್ಲ, ನಾಚಿಕೆ ಆಗಬೇಡವೇ?

ಡ್ರಾಯಿಂಗ್ ಮೇಷ್ಟ್ರೇ ಇಲ್ಲದ ಶಾಲೆಯಲ್ಲೂ ಚಿತ್ರಕಲೆಯ ಗ್ರೇಡ್ ಖಾಲಿ ಬಿಡುವಂತಿಲ್ಲ. ಅದನ್ನು ಗಣಿತದ ಮೇಷ್ಟ್ರು ತುಂಬುತ್ತಾರೆ. ಊಟದ ಬೆಲ್ ಹೊಡೆಯೋದರೊಳಗೆ ಇಡೀ ತರಗತಿಗೆ 'ಎ'. ಆ ಪೀರಿಯಡ್ಡನ್ನು ತಗೊಂಡವರೂ ಅವರೇ ಅಲ್ವಾ, ಮಕ್ಕಳ ಮೇಲೆ ಅಷ್ಟಾದರೂ ಕರುಣೆ ಇದೆ.