ಮುಖಕ್ಕೆ ಮುಸುಕು, ಬೆನ್ನಿಗೆ ಬೋರ್ಡು

ಕ್ರಿಪ್ಟೋ ಲೋಕದ ಅನಾಮಿಕರನ್ನು ಗುರುತು ಹಿಡಿಯುವುದು ಬಲು ಸುಲಭ. ಮುಖ ಇರಬೇಕಾದ ಕಡೆ ಕಾರ್ಟೂನ್ ಕಪಿ, ಹೆಸರಿನ ತುದಿಗೆ ‘ಡಾಟ್ ಈಟಿಎಚ್’ ಎಂಬ ಬಾಲ. ಬಾಲ ಹಿಡಿದು ಎಳೆದರೆ ಈಥೀರಿಯಂ ಎಂಬ ಕ್ರಿಪ್ಟೋ ಜಾಲದಲ್ಲಿನ ಅವರ ವಿಳಾಸ, ಅಂದರೆ ಖಾತೆ ಸಂಖ್ಯೆ, ಸಿಗುತ್ತದೆ. ಆ ಜಾಲದ ಲೆಕ್ಕಪುಸ್ತಕ ಎಲ್ಲರಿಗೂ ತೆರೆದದ್ದು, ಹಾಗಾಗಿ ವಿಳಾಸದ ಹಿಂದೆಯೇ ಉಳಿತಾಯ, ಸಾಲ, ಕೈಸುಟ್ಟುಕೊಂಡ ಟೋಕನ್‌ಗಳು ಸಾಲುಗಟ್ಟಿ ಬರುತ್ತವೆ. ಬ್ಯಾಂಕಿಗೆ ತಮ್ಮ ಲೆಕ್ಕ ಗೊತ್ತಾಗುವುದೇ ಖಾಸಗಿತನದ ಕೊಲೆ ಎಂದು ದಿನವೂ ಗುಡುಗುವವರು ಇವರೇ.

ಬಿಟ್‌ಕಾಯಿನ್ ಪಂಥದವರು ಹಾಗಲ್ಲ, ಸಲಕ್ಕೊಂದು ಹೊಸ ವಿಳಾಸ ಬಳಸುತ್ತಾರೆ. 2008ರ ಶ್ವೇತಪತ್ರದಲ್ಲಿ, ಅಂದರೆ ಬಿಟ್‌ಕಾಯಿನ್‌ನ ಮೂಲ ಪ್ರಬಂಧದಲ್ಲಿ, ಅದರ ಜನಕ ಸತೋಶಿ ನಕಮೊಟೊ ಹೇಳಿಕೊಟ್ಟ ಬುದ್ಧಿ ಅದು. ಅದರ ಮರುವಾಕ್ಯವನ್ನು ಮಾತ್ರ ಭಕ್ತರು ಓದಿದಂತಿಲ್ಲ: ಹಲವು ಇನ್‌ಪುಟ್, ಅಂದರೆ ಬೇರೆಬೇರೆ ವಿಳಾಸಗಳ ಹಣದ ತುಣುಕು, ಕೂಡಿಸಿ ಕಳಿಸಿದರೆ ಅವೆಲ್ಲ ಒಬ್ಬರದೇ ಎಂಬುದು ಬಯಲಾಗುತ್ತದೆ.

ಲೆಕ್ಕ ನೋಡಿ. ಒಂದು ವಿಳಾಸದಲ್ಲಿ 0.31, ಇನ್ನೊಂದರಲ್ಲಿ 0.24 ಬಿಟ್‌ಕಾಯಿನ್. 0.5 ಕೊಡಬೇಕು. ವ್ಯಾಲೆಟ್ ಎಂಬ ಹಣದ ಆ್ಯಪ್ ಎರಡನ್ನೂ ಸೇರಿಸಿ 0.5 ಆಚೆ ಕಳಿಸಿ, ಶುಲ್ಕ ಕಳೆದು 0.04997 ಚಿಲ್ಲರೆಯನ್ನು ನಿಮ್ಮದೇ ಹೊಸ ವಿಳಾಸಕ್ಕೆ ಹಾಕುತ್ತದೆ. ದುಂಡು ಮೊತ್ತ ಪಾವತಿ, ಮುರುಕು ಮೊತ್ತ ಚಿಲ್ಲರೆ ಎಂದು ಊಹಿಸಲು ಪತ್ತೇದಾರನೇ ಬೇಕಿಲ್ಲ. ಆ 0.31 ಗುರುತಿನ ಚೀಟಿ ಕೊಟ್ಟು ಎಕ್ಸ್‌ಚೇಂಜಿನಲ್ಲಿ ಕೊಂಡದ್ದಾದರೆ, ಗುಟ್ಟಾಗಿ ಗಳಿಸಿದ 0.24ಕ್ಕೂ ಅದೇ ಚೀಟಿ ಅಂಟುತ್ತದೆ. ಯಾವ ನಾಣ್ಯ ಎಲ್ಲಿಂದ ಬಂತೆಂದು ಬರೆದಿಟ್ಟು, ವ್ಯಾಲೆಟ್‌ನ ಕಾಯಿನ್ ಕಂಟ್ರೋಲ್ ಎಂಬ ಮೆನುವಿನಲ್ಲಿ ಬೇರೆಬೇರೆಯಾಗಿ ಖರ್ಚು ಮಾಡಬಹುದಿತ್ತು. ಆದರೆ ಆ ಮೆನು ತೆರೆಯಲು ಎರಡು ಕ್ಲಿಕ್ ಬೇಕು, ಕ್ರಾಂತಿಕಾರಿಗಳಿಗೆ ಅಷ್ಟು ಪುರುಸೊತ್ತೆಲ್ಲಿ?

ಇನ್ನು ಕಾಯಿನ್‌ಜಾಯಿನ್ ವೀರರು. ಹತ್ತಾರು ಜನರೊಂದಿಗೆ ಸಮ ಮೊತ್ತ ಬೆರೆಸಿ, ಶುಲ್ಕ ತೆತ್ತು, ಗಂಟೆಗಟ್ಟಲೆ ಕಾದು ಜಾಡು ಅಳಿಸುತ್ತಾರೆ. ಮರುದಿನ ಆ ತುಣುಕುಗಳನ್ನೆಲ್ಲ ಮತ್ತೆ ಒಂದೇ ವಹಿವಾಟಿನಲ್ಲಿ ಕೂಡಿಸುತ್ತಾರೆ, ವ್ಯಾಲೆಟ್ ‘ನೀಟಾಗಿ’ ಕಾಣಲಿ ಎಂದು!

ಹಲವರ ಹಣ ಬೆರೆಸಿ ಜಾಡು ಮರೆಸುವ ಟಾರ್ನೇಡೊ ಕ್ಯಾಶ್ ಮಿಕ್ಸರ್‌ನಲ್ಲಿ 0.1, 1, 10, 100 ಈಥರ್ (ಈಥೀರಿಯಂನ ನಾಣ್ಯ) ಎಂಬ ನಿಗದಿತ ಅಚ್ಚುಗಳಿದ್ದದ್ದೇ ಮೊತ್ತ ನೋಡಿ ಯಾರೂ ಹೊಂದಿಸಬಾರದೆಂದು. ಅದನ್ನು ಬಳಸಿದ ವೀರರೋ 100ರಂತೆ ಮೂರು ಸಲ ಹಾಕಿ, ಅರ್ಧ ಗಂಟೆಯಲ್ಲಿ ಮೂರು ಸಲ ತೆಗೆದರು. ಹೊಚ್ಚಹೊಸ ವಿಳಾಸದಲ್ಲಿ ಗ್ಯಾಸ್ ಎಂಬ ವಹಿವಾಟು ಶುಲ್ಕಕ್ಕೆ ಕಾಸಿಲ್ಲ ನೋಡಿ, ಅದನ್ನು ಹಳೆಯ ವಿಳಾಸದಿಂದಲೇ ಕಳಿಸಿಕೊಂಡರು. ಆ ಶುಲ್ಕ ತುಂಬುವ ಕೆಲಸಕ್ಕೆಂದೇ ಇದ್ದ ರಿಲೇಯರ್ ಎಂಬ ಮಧ್ಯವರ್ತಿ ಕಮಿಷನ್ ಕೇಳುತ್ತಿದ್ದ, ಉಳಿಸಿದರು.

ಝಡ್‌ಕ್ಯಾಶ್‌ನಲ್ಲಿ ಮುಚ್ಚಿದ ವಿಳಾಸವೂ ಉಂಟು, ಬಿಟ್‌ಕಾಯಿನ್‌ನಷ್ಟೇ ಬಯಲಾದ ವಿಳಾಸವೂ ಉಂಟು. ಖಾಸಗಿತನಕ್ಕೆಂದೇ ಈ ನಾಣ್ಯ ಕೊಂಡು ಬಯಲಿನಲ್ಲೇ ಇಡುವವರ ಬಗ್ಗೆ ಹೆಚ್ಚು ಹೇಳುವುದು ಬೇಡ.

2012ರಲ್ಲಿ ಸಿಲ್ಕ್ ರೋಡ್ ಎಂಬ ಆನ್‌ಲೈನ್ ಕಾಳಸಂತೆಯಿಂದ ಬಿಟ್‌ಕಾಯಿನ್ ಲಪಟಾಯಿಸಿದ ಒಬ್ಬ, ಅವನ್ನು ಖರ್ಚು ಮಾಡಲು ಬೇಕಾದ ಗುಪ್ತ ಕೀಲಿಗಳನ್ನು ನೆಲದಡಿಯ ತಿಜೋರಿಯಲ್ಲಿ ಇಟ್ಟಿದ್ದ. ಕೀಲಿಗಳಿದ್ದ ಪುಟ್ಟ ಕಂಪ್ಯೂಟರೊಂದು ಬಚ್ಚಲುಮನೆಯ ಕಪಾಟಿನಲ್ಲಿ, ಪಾಪ್‌ಕಾರ್ನ್ ಡಬ್ಬಿಯೊಳಗೆ, ಕಂಬಳಿಗಳ ಕೆಳಗೆ ಇತ್ತು. 2021ರ ನವೆಂಬರಿನಲ್ಲಿ ಅಮೆರಿಕದ ತನಿಖೆಯವರು ಬಂದು ವಶಪಡಿಸಿಕೊಂಡದ್ದು 50,676ಕ್ಕೂ ಹೆಚ್ಚು ಬಿಟ್‌ಕಾಯಿನ್. ಆತ ಕಂಬಳಿ ಹೊದಿಸಿದ್ದು ಕಂಪ್ಯೂಟರಿಗೆ. ವಹಿವಾಟುಗಳು ಆ ಒಂಬತ್ತು ವರ್ಷವೂ ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಬೆತ್ತಲೆಯಾಗಿ ಕೂತಿದ್ದವು.